ಮೇಲೆ ಹೋದ ರಕ್ತ ಕೆಳಗಿಳಿಯುವ ತನಕ

ಮೊದಲೇ ಹೇಳಿಬಿಡುತ್ತೇನೆ: ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ಎಕ್ಸ್‌ರೇ ಟೆಕ್ನಿಶಿಯನ್ ಆಗಿದ್ದವಳು. ಅದರಲ್ಲಿ ಮುಕ್ಕಾಲು ಪಾಲು ಕಳೆದದ್ದು ತಲೆಯ ರಕ್ತನಾಳಗಳ ಚಿತ್ರ ತೆಗೆಯುವ ಕೋಣೆಯಲ್ಲಿ. ಆದರೂ ರೋಗಿಗಳ ಪಾಲಿಗೆ ನಾನು ‘ಸಿಸ್ಟರ್’. ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಬಿಟ್ಟುಬಿಟ್ಟೆ. ಉಡುಪಿಯಲ್ಲಿದ್ದ ನನ್ನ ಅಮ್ಮನಂತೂ ನೆರೆಯವರಿಗೆಲ್ಲ, “ನಮ್ಮ ಸುಮತಿ ಬೊಂಬಾಯಿಯಲ್ಲಿ ಫೋಟೋ ತೆಗೆಯುವ ಕೆಲಸದಲ್ಲಿದ್ದಾಳೆ” ಎಂದು ಹೇಳಿಕೊಂಡು ಬರುತ್ತಿದ್ದರು. ಒಮ್ಮೆ ರಜೆಯಲ್ಲಿ ಹೋದಾಗ ಪಕ್ಕದ ಮನೆಯವರು ಮಗಳ ಮದುವೆಯ ಆಲ್ಬಮ್ ಮಾಡಿಕೊಡಲು ನನ್ನನ್ನೇ ಕೇಳಿದರು. ತಲೆಯ ಒಳಗಿನದಾದರೆ ತೆಗೆಯಬಲ್ಲೆ, ತಲೆಯ ಮೇಲಿನ ಬಾಸಿಂಗ ನನಗೆ ಬರುವುದಿಲ್ಲ ಎಂದು ಹೇಳಿ ತಪ್ಪಿಸಿಕೊಂಡೆ.

ಇದನ್ನೆಲ್ಲ ಬರೆಯಲು ಕಾರಣ ದಿವ್ಯಾ. ನಾನು ಬಿಟ್ಟ ಕುರ್ಚಿಯಲ್ಲಿ ಈಗ ಅವಳು ಕುಳಿತಿದ್ದಾಳೆ. ಘಾಟ್ಕೋಪರ್‌ನಲ್ಲಿ ನಮ್ಮ ಸೊಸೈಟಿಯ ಹಿಂದಿನ ಬಿಲ್ಡಿಂಗ್‌ನವಳು, ಮಂಗಳೂರಿನವರ ಮಗಳು. “ಆಂಟಿ, ಕುಛ್ ಟಿಪ್ಸ್ ಲಿಖ್ ಕೆ ದೋ ನಾ. ಕನ್ನಡದಲ್ಲಿ ಬರೆದ್ರೂ ಓಕೆ, ಮಮ್ಮಿ ಓದಿ ಹೇಳ್ತಾರೆ” ಅಂದಳು. ಟಿಪ್ಸ್ ಅಂದರೆ ಅರ್ಧ ಪುಟ ಸಾಕು. ಆದರೆ ನಾನು ಬಾಯಿ ತೆರೆದರೂ ಪೆನ್ನು ತೆರೆದರೂ ಮುಚ್ಚುವುದು ಕಷ್ಟ, ಅವಳ ಮಮ್ಮಿ ದೊಡ್ಡ ಮನಸ್ಸು ಮಾಡಬೇಕು. ಬಡ್ತಿ, ಸರ್ಟಿಫಿಕೇಟುಗಳ ಸುದ್ದಿ ಇಲ್ಲಿ ಇಲ್ಲ. ಅದನ್ನು ನನ್ನ ಬೀಳ್ಕೊಡುಗೆಯ ದಿನ ಆಫೀಸಿನವರು ಓದಿ ಹೇಳಿದ್ದಾರೆ, ಕೇಳಿ ನನಗೇ ಆಕಳಿಕೆ ಬಂತು.

ಕೆಲಸ ಇಷ್ಟು. ಹೃದಯದಿಂದ ಹೊರಟ ರಕ್ತ ಮೆದುಳಿಗೆ ನಾಲ್ಕು ದಾರಿಯಲ್ಲಿ ಏರುತ್ತದೆ. ಕತ್ತಿನ ಮುಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು. ಹಿಂದೆ ಕತ್ತಿನ ಮೂಳೆಗಳ ನಡುವೆ ನುಸುಳಿಕೊಂಡು ಇನ್ನೆರಡು. ದವಡೆಯ ಕೆಳಗೆ ಬೆರಳಿಟ್ಟರೆ ಮುಂದಿನದು ಟಪ್‌ಟಪ್ ಎನ್ನುವುದು ಗೊತ್ತಾಗುತ್ತದೆ. ಶಾಲೆಯ ಪುಸ್ತಕದಲ್ಲಿ ಇವಕ್ಕೆ ಅಪಧಮನಿ ಎಂದು ಹೆಸರು, ನಮ್ಮ ಕೋಣೆಯಲ್ಲಿ ಆರ್ಟರಿ. ಮೆದುಳಿನಲ್ಲಿ ಕೆಲಸ ಮುಗಿಸಿದ ರಕ್ತ ತಲೆಬುರುಡೆಯ ಒಳಮೈಗೆ ಅಂಟಿಕೊಂಡ ದೊಡ್ಡ ಕಾಲುವೆಗಳನ್ನು ಸೇರಿ, ಕತ್ತಿನ ಎರಡು ಬದಿಯಿಂದ ಇಳಿದು ಹೃದಯಕ್ಕೆ ಮರಳುತ್ತದೆ. ಈ ಇಳಿಯುವ ದಾರಿಗಳು ವೇನ್‌ಗಳು. ಅವುಗಳಲ್ಲಿ ಒಂದು ದೊಡ್ಡದು ನಡುನೆತ್ತಿಯಲ್ಲಿ, ನಾವು ಹೆಂಗಸರು ಬೈತಲೆ ತೆಗೆಯುವ ಗೆರೆಯ ಕೆಳಗೇ, ಹಣೆಯಿಂದ ಹಿಂದಲೆಯವರೆಗೆ ಹೋಗುತ್ತದೆ. ಅದನ್ನು ನೆನಪಿಟ್ಟುಕೋ ದಿವ್ಯಾ, ಮುಂದೆ ಬರುತ್ತದೆ.

ಡಾಕ್ಟರರು ತೊಡೆಯ ಸಂದಿನ ಆರ್ಟರಿಯಲ್ಲಿ ಒಂದು ಗಿಡ್ಡ ಕೊಳವೆ ಕೂರಿಸಿ, ಅದರೊಳಗಿಂದ ಶಾವಿಗೆಯಂಥ ಸಣ್ಣ ಕ್ಯಾಥೆಟರ್ ನಳಿಗೆಯನ್ನು ಹೊಟ್ಟೆ, ಎದೆ ದಾಟಿಸಿ ಕತ್ತಿನವರೆಗೆ ತಳ್ಳುತ್ತಾರೆ. ಅಲ್ಲಿ ಡೈ, ಅಂದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ, ಬಿಡುತ್ತಾರೆ. ಆ ಕ್ಷಣಕ್ಕೆ ಸೀಸದ ಗಾಜಿನ ಆಚೆ ಕುಳಿತ ಟೆಕ್ನಿಶಿಯನ್ ಗುಂಡಿ ಒತ್ತಬೇಕು. ಹೆಬ್ಬೆರಳು ಗುಂಡಿಯ ಮೇಲಿರುವಷ್ಟು ಹೊತ್ತು ಚಿತ್ರ ಬರುತ್ತದೆ, ಎತ್ತಿದರೆ ನಿಲ್ಲುತ್ತದೆ. ಡೈ ಕತ್ತಿನಿಂದ ಏರಿ, ಮೆದುಳೆಲ್ಲ ಹರಡಿ, ಮತ್ತೆ ಕತ್ತಿಗೆ ಇಳಿಯಲು ಏಳೆಂಟು ಸೆಕೆಂಡು ಬೇಕು. ನಮ್ಮ ಘಾಟ್ಕೋಪರ್ ಸ್ಟೇಷನ್‌ನಲ್ಲಿ ಲೋಕಲ್ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ನನ್ನ ಇಡೀ ವೃತ್ತಿ ನಡೆದದ್ದು ಆ ಏಳೆಂಟು ಸೆಕೆಂಡುಗಳೊಳಗೆ.

ನಮ್ಮ ಸಾಹೇಬರು ಡಾಕ್ಟರ್ ಬಾಪಟ್. ಅವರು ಆರಡಿ, ನಾನು ಐದಡಿಗೆ ಒಂದಿಂಚು ಕಡಿಮೆ. ಕೋಣೆಯಲ್ಲಿದ್ದ ಸೀಸದ ಏಪ್ರನ್‌ಗಳೆಲ್ಲ ಒಂದೇ ಅಳತೆಯವು. ಅವರಿಗೆ ಮೊಣಕಾಲು ಮುಟ್ಟುತ್ತಿರಲಿಲ್ಲ, ನನಗೆ ಪಾದ ಮುಚ್ಚುತ್ತಿತ್ತು. ಅವರು ವಿದ್ಯಾರ್ಥಿಗಳ ಜೊತೆ ಇಂಗ್ಲಿಷ್, ನನ್ನ ಜೊತೆ ಹಿಂದಿ, ಸಿಟ್ಟಿನ ಜೊತೆ ಮರಾಠಿ ಮಾತಾಡುತ್ತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಹಾಕಿಕೊಂಡು ಊಟದ ಡಬ್ಬಿ ಬಿಚ್ಚಿದರೆ ಯಾರೂ ತಟ್ಟುವಂತಿಲ್ಲ. ಆಸ್ಪತ್ರೆಗೆ ಬೆಂಕಿ ಬಿದ್ದರೂ ಸಾಹೇಬರದು ಮೊದಲು ಆಮಟಿ ಸಾರು, ಆಮೇಲೆ ಬೆಂಕಿ ಎಂದು ವಾರ್ಡಿನವರು ಬೆನ್ನ ಹಿಂದೆ ನಗುತ್ತಿದ್ದರು.

ನಾನು ಸೇರಿದಾಗ ಎಲ್ಲವೂ ಫಿಲ್ಮ್. ಫಿಲ್ಮ್‌ಗಳು ಒಂದರ ಹಿಂದೊಂದು ಜಾರುವ ಯಂತ್ರವಿತ್ತು, ಗುಂಡಿ ಒತ್ತಿದರೆ ಹಳೇ ಬಸ್ಸಿನಂತೆ ಧಡಧಡ ಅನ್ನುತ್ತಿತ್ತು. ರೋಗಿ ಹೆದರಿ ಅಲುಗಾಡಿದರೆ ಅಷ್ಟೂ ಹಾಳು. ತೆಗೆದದ್ದನ್ನು ಡಾರ್ಕ್‌ರೂಮಿನಲ್ಲಿ ತೊಳೆದು, ತಂತಿಯ ಮೇಲೆ ಒದ್ದೆ ಬಟ್ಟೆಯಂತೆ ನೇತುಹಾಕುವುದು. ಬಾಪಟ್ ಸರ್‌ಗೆ ಒಣಗುವಷ್ಟು ತಾಳ್ಮೆ ಇಲ್ಲ, ಒದ್ದೆಯದನ್ನೇ ಬೆಳಕಿಗೆ ಹಿಡಿಯುತ್ತಿದ್ದರು. ನೀರೆಲ್ಲ ಅವರ ಬೂಟಿನ ಮೇಲೆ. ಒಬ್ಬ ರೋಗಿಗೆ ಇಷ್ಟೇ ಫಿಲ್ಮ್ ಎಂದು ಮೊದಲೇ ಗೊತ್ತುಮಾಡಿರುತ್ತಿದ್ದರು. ಎಲ್ಲರಿಗೂ ಬೇಕಾದದ್ದು ಆರ್ಟರಿ: ಎಲ್ಲಿ ಕಿರಿದಾಗಿದೆ, ಎಲ್ಲಿ ಮುಚ್ಚಿದೆ, ಎಲ್ಲಿ ಗುಳ್ಳೆಯೆದ್ದು ಒಡೆದಿದೆ. ಹಾಗಾಗಿ ಆರ್ಟರಿ ಮುಗಿಯುವ ಹೊತ್ತಿಗೆ, ಅಂದರೆ ನಾಲ್ಕನೆಯ ಸೆಕೆಂಡಿಗೆ, ಸರ್ “ಪುರೇ!” ಅನ್ನುತ್ತಿದ್ದರು. ಮರಾಠಿಯಲ್ಲಿ ಸಾಕು ಎಂದು. ನನ್ನ ಹೆಬ್ಬೆರಳು ಏಳುತ್ತಿತ್ತು. ವರ್ಷಗಟ್ಟಲೆ ಕೇಳಿ ಕೇಳಿ, ಆ ಮಾತಿಗೂ ನನ್ನ ಬೆರಳಿಗೂ ನಡುವೆ ಸುಮತಿ ಅನ್ನುವವಳು ಇರಲೇ ಇಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಆ ಫಿಲ್ಮ್ ಕಾಲದ್ದೇ. ಚಿತ್ರದಲ್ಲಿ ಬಲಗಡೆ ಯಾವುದೆಂದು ತಿಳಿಯಲು ಸೀಸದ ಒಂದು ಅಕ್ಷರ ಅಂಟಿಸಬೇಕು. ನಾನು ಅದನ್ನು ಎಡಗಡೆ ಅಂಟಿಸಿದೆ. ಎದೆಯ ಚಿತ್ರವಾದರೆ ಹೃದಯವೇ ಚಾಡಿ ಹೇಳುತ್ತದೆ. ತಲೆಯಲ್ಲಿ ಹಾಗಲ್ಲ, ಎಡವೂ ಬಲವೂ ಅವಳಿಜವಳಿ. ಫಿಲ್ಮ್ ನೇತುಹಾಕುವಾಗ ನನಗೆ ಹೊಳೆಯಿತು. ಹೇಳಲೋ ಬೇಡವೋ ಎಂದು ಡಾರ್ಕ್‌ರೂಮಿನಲ್ಲಿ ಅರ್ಧ ಗಂಟೆ ನಿಂತು, ಕೊನೆಗೆ ಹೋಗಿ ಹೇಳಿದೆ. ಸರ್ ಮೊದಲು ಮರಾಠಿಯಲ್ಲಿ ಕೂಗಾಡಿದರು. ಆಮೇಲೆ ಹಿಂದಿಗೆ ಇಳಿದರು. “ಗಲತಿ ಸಬ್ ಸೆ ಹೋತಿ ಹೈ, ಸುಮತಿ. ಪಾಂಚ್ ಮಿನಿಟ್ ಮೇ ಬೋಲಾ ತೋ ಗಲತಿ. ಛಟೇ ಮಿನಿಟ್ ಸೆ ಬದ್ಮಾಶಿ.” ಐದು ನಿಮಿಷದೊಳಗೆ ಒಪ್ಪಿಕೊಂಡರೆ ತಪ್ಪು, ಆರನೆಯದರಿಂದ ಅದು ಕಳ್ಳತನ. ಬೈಗುಳ ಮರೆತುಹೋಗಿದೆ, ಈ ಲೆಕ್ಕ ಮರೆತಿಲ್ಲ.

ಇನ್ನು ವಾಸಣ್ಣನ ಕತೆ. ಮುಂಬಯಿಯ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಒಂದು ದಿನ ಮಧ್ಯಾಹ್ನದ ರಶ್ಶಿನಲ್ಲಿ ಆರ್ಡರ್ ಕೂಗಲು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ, ಬಲಗೈ ಜೋತುಬಿತ್ತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಬೇರೆಯವರಾದರೆ ಗ್ಯಾಸ್ ಎಂದು ಸೋಡಾ ಕುಡಿದು ಸುಮ್ಮನಿರುತ್ತಿದ್ದರು, ಇವರು ಪುಣ್ಯಕ್ಕೆ ಆಸ್ಪತ್ರೆಗೆ ಬಂದರು. ಚಿತ್ರ ತೆಗೆಯುವಾಗ ಅಲುಗಾಡಬಾರದು, ಉಗುಳೂ ನುಂಗಬಾರದು. ನುಂಗಿದರೆ ಕತ್ತಿನ ಚಿತ್ರ ಕಲಸಿಹೋಗುತ್ತದೆ. ವಾಸಣ್ಣ ಪ್ರತಿ ಸಲ ಸರಿಯಾಗಿ ಎರಡನೆಯ ಸೆಕೆಂಡಿಗೆ ಗುಟುಕ್ ಎಂದು ನುಂಗುತ್ತಿದ್ದರು.

“ಎಂತ ಮಾರಾಯ್ರೆ ನೀವು, ಒಂದು ನಾಲ್ಕು ಸೆಕೆಂಡು ತಡೀಲಿಕ್ಕೆ ಆಗುದಿಲ್ವಾ?” ಎಂದು ಮೈಕಿನಲ್ಲಿ ಕೇಳಿದೆ.

“ನಾನೆಂತ ಮಾಡುದು ಸಿಸ್ಟರ್? ನುಂಗಬೇಡಿ ಅಂತ ನೀವು ಹೇಳಿದ ಕೂಡ್ಲೇ ಬಾಯಲ್ಲಿ ನೀರು ಬರ್ತದೆ. ನಲ್ವತ್ತು ವರ್ಷ ಹೋಟೆಲಲ್ಲಿ ಕೂತ ಬಾಯಿ ಇದು.”

ಮನಸ್ಸನ್ನು ಬೇರೆ ಕಡೆ ತಿರುಗಿಸೋಣ ಎಂದು, “ಮನಸ್ಸಿನಲ್ಲೇ ನಿಮ್ಮ ಮೆನು ಓದ್ತಾ ಇರಿ” ಅಂದೆ. ಅದು ಇನ್ನೂ ಅಪಾಯವಾಯಿತು. ಇಡ್ಲಿ, ವಡೆ, ಶೀರಾ ಎಂದು ತುಟಿ ಕುಣಿಯಿತು, ಬಾಯಲ್ಲಿ ನೀರಿನ ಪ್ರವಾಹ. ಕೊನೆಗೆ ಗಿರಾಕಿ ತಿಂದು ಬಿಲ್ಲು ಕೊಡದೆ ಎದ್ದುಹೋದದ್ದನ್ನು ನೆನೆಸಿಕೊಳ್ಳಲು ಹೇಳಿದೆ. ಹಲ್ಲು ಕಚ್ಚಿ, ಮೂರ್ತಿಯಂತೆ ಮಲಗಿದರು. ಚಿತ್ರ ಕನ್ನಡಿಯಂತೆ ಬಂತು. ಎಡಗಡೆಯ ಕತ್ತಿನ ಆರ್ಟರಿ ದಾರದಷ್ಟೇ ಉಳಿದಿತ್ತು. ಆಪರೇಷನ್ ಆಗಿ ಗಲ್ಲಾಕ್ಕೆ ಮರಳಿದರು. ಆ ಮೇಲೆ ನಾನು ಫೋರ್ಟ್‌ಗೆ ಹೋದಾಗಲೆಲ್ಲ ಆ ಹೋಟೆಲಿನಲ್ಲಿ ನನ್ನ ಕಾಫಿಯ ಜೊತೆ ಕೇಳದ ಒಂದು ಶೀರಾ ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಡಿಜಿಟಲ್ ಯಂತ್ರ ಬಂತು. ಮೂಳೆಯನ್ನೆಲ್ಲ ಅಳಿಸಿ, ಬರೀ ರಕ್ತನಾಳಗಳನ್ನು ಬಿಳಿಯ ಮೇಲೆ ಕಪ್ಪಗೆ ತೋರಿಸುವ ಯಂತ್ರ. ಮೊದಲ ದಿನ ಬಾಪಟ್ ಸರ್ ಹೊಸ ಆಟಿಕೆ ಸಿಕ್ಕ ಮಗುವಿನಂತೆ ಒಂದೇ ಚಿತ್ರವನ್ನು ಹಿಂದೆ ಮುಂದೆ ಓಡಿಸುತ್ತ ಡಬ್ಬಿಯನ್ನೇ ಮರೆತರು. ಡಾರ್ಕ್‌ರೂಮಿಗೆ ಬೀಗ ಬಿತ್ತು, ನನ್ನ ಸೀರೆಗೆ ಅಂಟಿದ್ದ ರಾಸಾಯನಿಕದ ವಾಸನೆ ಹೋಯಿತು. ಫಿಲ್ಮ್ ಮುಗಿಯುತ್ತದೆ ಎಂಬ ಹೆದರಿಕೆಯೂ ಹೋಯಿತು. ಹೋಗದೆ ಉಳಿದದ್ದು ಒಂದೇ: ನಾಲ್ಕನೆಯ ಸೆಕೆಂಡಿನ “ಪುರೇ!” ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಲಿತ ಗುಣ ಅದಕ್ಕಿಂತ ಹಟಮಾರಿ. ಈಗ ಹೆಚ್ಚು ಹೊತ್ತು ಒತ್ತಿದರೆ ಏನೂ ನಷ್ಟವಿಲ್ಲವಲ್ಲ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಭಾಂಡುಪ್‌ನಿಂದ ಮಲ್ಲವ್ವ ಬಂದಳು. ಇಪ್ಪತ್ತೆರಡು ವರ್ಷ, ಹೆರಿಗೆಯಾಗಿ ಹನ್ನೊಂದು ದಿನ. ಗಂಡ ಹಣಮಂತ ಬಾಗಲಕೋಟೆ ಕಡೆಯವನು, ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅವಳ ತಾಯಿ ನೀಲವ್ವ ಕೂಸನ್ನು ಎತ್ತಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮಲ್ಲವ್ವನಿಗೆ ನಾಲ್ಕು ದಿನ ವಿಪರೀತ ತಲೆನೋವು, ಆಮೇಲೆ ಎರಡು ಸಲ ಫಿಟ್ಸ್, ಎಡಗಾಲಿನಲ್ಲಿ ಶಕ್ತಿ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ನೆತ್ತಿಯ ಹತ್ತಿರ ಸ್ವಲ್ಪ ರಕ್ತ ಸೋರಿದ್ದು ಕಂಡಿತ್ತು. ಎಂಆರ್‌ಐ ಆಗ ನಮ್ಮಲ್ಲಿ ಇರಲಿಲ್ಲ. ಆರ್ಟರಿ ಎಲ್ಲಾದರೂ ಒಡೆದಿದೆಯೇ ಎಂದು ನೋಡಲು ನಮ್ಮ ಕೋಣೆಗೆ ಕಳಿಸಿದ್ದರು.

ಮಂಪರಿನಲ್ಲಿದ್ದರೂ ಮಾತು ಅರ್ಥವಾಗುತ್ತಿತ್ತು. ನಾನು ಕನ್ನಡದಲ್ಲಿ, “ಉಗುಳು ನುಂಗಬೇಡ ಮಗಾ, ಅಲುಗಾಡಬೇಡ” ಅಂದಾಗ ಅವಳ ಮುಖ ಸ್ವಲ್ಪ ಅರಳಿತು.

“ನುಂಗಾಕ ಉಗುಳರ ಎಲ್ಲೈತ್ರಿ, ಅಕ್ಕಾರ” ಅಂದಳು.

ನಾನು ನಕ್ಕೆ. ಎಂಥ ಒಳ್ಳೆಯ ಪೇಶಂಟ್ ಎಂದುಕೊಂಡೆ! ನಾಲ್ಕು ರಕ್ತನಾಳ, ನಾಲ್ಕು ಸಲ ಡೈ, ನಾಲ್ಕು ಸಲ “ಪುರೇ!” ಒಂದು ಚಿತ್ರವೂ ಅಲುಗಾಡಿರಲಿಲ್ಲ. ಆರ್ಟರಿಗಳೆಲ್ಲ ಪುಸ್ತಕದಲ್ಲಿ ಬರೆದಂತೆ ಚೊಕ್ಕವಾಗಿದ್ದವು. ಬಾಪಟ್ ಸರ್ ನಾರ್ಮಲ್ ಎಂದು ಹೇಳಿ ಡಬ್ಬಿಗೆ ಹೋದರು. ಮಲ್ಲವ್ವನನ್ನು ಪಕ್ಕದ ಕೋಣೆಯ ಮಂಚಕ್ಕೆ ಸಾಗಿಸಿದರು. ತೊಡೆಯ ಕೊಳವೆ ತೆಗೆದು, ಅಲ್ಲಿ ಒತ್ತಿ ಹಿಡಿದು ರಕ್ತ ನಿಲ್ಲಿಸುವುದು ರೆಸಿಡೆಂಟ್ ಡಾಕ್ಟರನ ಕೆಲಸ. ಅವನು ಒಂದು ಕಟಿಂಗ್ ಚಹಾ ಕುಡಿದು ಬರುತ್ತೇನೆಂದು ಹೋದ.

ಕೋಣೆ ಒಪ್ಪ ಮಾಡಿ ನಾನು ನೀಲವ್ವನ ಹತ್ತಿರ ಹೋದೆ. ಅವರ ಸುತ್ತ ಎಲ್ಲರೂ ಹಿಂದಿ, ಮರಾಠಿಯವರು; ಪಾಪ, ಒಬ್ಬರಾದರೂ ಅವರ ಭಾಷೆಯಲ್ಲಿ ಹೇಳಲಿ ಎಂದು. ರಕ್ತನಾಳ ಒಡೆದದ್ದು ಎಲ್ಲೂ ಕಾಣಲಿಲ್ಲ, ಎಲ್ಲ ಸರಿ ಇದೆ ಅಂದೆ.

“ಮತ್ತ ಹಿಂಗ್ಯಾಕ ಆತ್ರೀ ಅಕ್ಕಾರ? ನಾ ಏನೂ ಕಡಿಮಿ ಮಾಡಿಲ್ಲ. ಎಣ್ಣಿ ಹಚ್ಚೇನಿ, ಎರದೇನಿ, ಖಾರ ತಿನಿಸೇನಿ. ನನ್ನ ಮಗಳೂ ಭಾಳ ಹೇಳಿದ್ ಮಾತ್ ಕೇಳಾಕಿ. ಹನ್ನೊಂದ್ ದಿನಾ ಆತು, ದಿನಕ್ಕ ಒಂದ್ ವಾಟಗಾ ಕಾಸಿದ್ ನೀರು ಬಿಟ್ರ ಒಂದ್ ಹನಿ ಹೆಚ್ಚಿಗಿ ಕುಡದಿಲ್ಲ. ನೀರಡಿಕಿ ಯವ್ವಾ, ನೀರಡಿಕಿ ಅಂತಿದ್ಳು. ಬಾಣಂತಿಗಿ ನೀರ್ ಕೊಟ್ರ ಹೊಟ್ಟಿ ಬರ್ತೈತಿ, ಕೂಸಿಗಿ ಥಂಡಿ ಆಗ್ತೈತಿ. ಅದಕ್ಕ ನಾನಽ ತಡದೇನಿ.”

ಮೇ ತಿಂಗಳು. ಭಾಂಡುಪ್‌ನಲ್ಲಿ ತಗಡಿನ ಪತ್ರಾ ಹೊದಿಸಿದ ಒಂದೇ ಕೋಣೆಯ ಖೋಲಿ. ದಿನಕ್ಕೆ ಒಂದು ಸಣ್ಣ ಲೋಟ ನೀರು.

ನೀಲವ್ವನನ್ನು ಮೂಢರೆಂದು ಯಾರಾದರೂ ಅನ್ನುವ ಮೊದಲು ನನ್ನ ಮನೆಯ ಸುದ್ದಿಯನ್ನೂ ಹೇಳಬೇಕು. ನನ್ನ ಹೆರಿಗೆಯಾದಾಗ ನನ್ನ ಅಮ್ಮನೂ ಹೀಗೇ, ಜೀರಿಗೆ ಕುದಿಸಿದ ನೀರು ಎರಡು ಗುಟುಕು. ಎಕ್ಸ್‌ರೇ ಕಲಿತ ನಾನು ಎದುರು ಮಾತಾಡಲಿಲ್ಲ. ಆದರೆ ಬಾಣಂತಿ ಸ್ನಾನಕ್ಕೆ ಅಮ್ಮ ತಲೆಯ ಮೇಲೆ ಬಿಸಿನೀರು ಹೊಯ್ಯುವಾಗ, ಬಾಯಿ ತೆರೆದು, ಇಳಿದುಬಂದ ನೀರನ್ನು ಸೀಗೆಯ ಸಮೇತ ಕುಡಿಯುತ್ತಿದ್ದೆ. ಕಳ್ಳಿ ಆಗಿದ್ದಕ್ಕೆ ಬದುಕಿದೆ ಎಂದು ಈಗ ಅನಿಸುತ್ತದೆ. ಮಲ್ಲವ್ವ ಹೇಳಿದ ಮಾತು ಕೇಳುವ ಮಗಳು.

ಆಗ ನನಗೆ ಬಾಪಟ್ ಸರ್ ವಿದ್ಯಾರ್ಥಿಗಳಿಗೆ ಎಂದೋ ಹೇಳಿದ್ದು ನೆನಪಾಯಿತು. ಹೆರಿಗೆಯಾದ ಮೇಲೆ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂತಿರುತ್ತದೆ. ಮೈಯಲ್ಲಿ ನೀರೂ ಇಲ್ಲದಿದ್ದರೆ ತಲೆಯ ವೇನ್‌ಗಳಲ್ಲಿ ಗಡ್ಡೆ ಕಟ್ಟಬಹುದು. ವೇನ್‌ಗಳಲ್ಲಿ! ಓಡಿಹೋಗಿ ಯಂತ್ರದಲ್ಲಿ ಮಲ್ಲವ್ವನ ಚಿತ್ರ ತೆರೆದೆ. ಒಂದು, ಎರಡು, ಮೂರು, ನಾಲ್ಕು, ಮುಗಿಯಿತು. ನಾಲ್ಕೂ ಸಲವೂ ಹಾಗೆಯೇ. ರಕ್ತ ಏರಿದ್ದು ಇತ್ತು, ಇಳಿದದ್ದು ಇರಲಿಲ್ಲ. ಅದು ಇಳಿಯುವ ಹೊತ್ತಿಗೆ ನನ್ನ ಬೆರಳು ಗುಂಡಿಯ ಮೇಲಿರಲಿಲ್ಲ. ‘ಪುರೇ’ ಅಂದವರು ಸರ್, ನಿಜ. ಎತ್ತಿದವಳು ನಾನು.

ಇದರಲ್ಲಿ ಏನು ಅಪಾಯ ಎಂದು ಹೇಳಬೇಕು. ಆರ್ಟರಿ ಒಡೆದು ರಕ್ತ ಸೋರಿದ್ದರೆ ರಕ್ತ ತೆಳುವಾಗಿಸುವ ಔಷಧಿ ವಿಷ. ವೇನ್ ಕಟ್ಟಿಕೊಂಡು, ಒತ್ತಡಕ್ಕೆ ರಕ್ತ ಸೋರಿದ್ದರೆ ಅದೇ ಔಷಧಿ ಅಮೃತ. ತಲೆಯಲ್ಲಿ ರಕ್ತ ಸೋರಿದ ಹುಡುಗಿಗೆ, ವೇನ್‌ಗಳ ಚಿತ್ರ ನೋಡದೆ, ಆ ಔಷಧಿ ಕೊಡುವ ಧೈರ್ಯ ಯಾವ ಡಾಕ್ಟರಿಗೂ ಇರುವುದಿಲ್ಲ. ಕೊಡದಿದ್ದರೆ ಇನ್ನೊಂದು ಫಿಟ್ಸ್, ಇನ್ನಷ್ಟು ರಕ್ತ, ಆಮೇಲೆ ಆ ಕೂಸಿಗೆ ತಾಯಿ ಇಲ್ಲ. ಕೊಳವೆ ತೊಡೆಯಲ್ಲಿ ಇರುವವರೆಗೆ ಹತ್ತು ನಿಮಿಷದಲ್ಲಿ ಮತ್ತೆ ಚಿತ್ರ ತೆಗೆಯಬಹುದು. ತೆಗೆದುಬಿಟ್ಟರೆ ಮತ್ತೆ ಚುಚ್ಚುವುದು ನಾಳೆಯೇ. ಅದೂ ಯಾರಾದರೂ ಒಪ್ಪಿದರೆ.

ಗಡಿಯಾರ ನೋಡಿದೆ. ತಪ್ಪು ಮಾಡಿ ನಲವತ್ತು ನಿಮಿಷವಾಗಿತ್ತು. ಐದು ನಿಮಿಷದ ಲೆಕ್ಕ ಯಾವಾಗಲೋ ದಾಟಿತ್ತು. ಸಾಹೇಬರ ಬಾಗಿಲು ಮುಚ್ಚಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಬರೆದ ನಾರ್ಮಲ್ ಸುಳ್ಳೇನಲ್ಲ, ಆರ್ಟರಿ ನಾರ್ಮಲ್ಲೇ. ಈ ಯೋಚನೆ ನನಗೆ ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ.

ನೀಲವ್ವನನ್ನು ಎಳೆದುಕೊಂಡು ಹೋಗಿ ಮಗಳ ಮಂಚದ ಪಕ್ಕ ನಿಲ್ಲಿಸಿದೆ. “ನಾನು ಬರುವವರೆಗೆ ಈ ಕೊಳವೆ ಮುಟ್ಟಲಿಕ್ಕೆ ಯಾರನ್ನೂ ಬಿಡಬೇಡಿ. ಡಾಕ್ಟರ್ ಬಂದ್ರೂ ಬಿಡಬೇಡಿ” ಅಂದೆ. ಅವರು ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರು.

ಬಾಗಿಲು ತಟ್ಟದೆ ಒಳಗೆ ಹೋದೆ. ಬಾಪಟ್ ಸರ್ ಕೈಯಲ್ಲಿ ಚಪಾತಿಯ ತುಂಡು.

“ಸರ್, ಹಮ್ ನೇ ಸಿರ್ಫ್ ನಲ್ ದೇಖಾ. ಮೋರಿ ನಹೀ ದೇಖೀ.”

ನಲ್ಲಿ ಮಾತ್ರ ನೋಡಿದ್ದೇವೆ, ಮೋರಿ ನೋಡಿಲ್ಲ. ಚಾಳಿನಲ್ಲಿ ಬೆಳೆದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿ ಎಷ್ಟೇ ಚೆನ್ನಾಗಿರಲಿ, ಮೋರಿ ಕಟ್ಟಿದರೆ ಖೋಲಿ ತುಂಬುತ್ತದೆ. ಸರ್ ಗಿರಗಾಂವ್ ಚಾಳಿನಲ್ಲಿ ಬೆಳೆದವರು. ಬಾಣಂತಿ, ಒಂದು ಲೋಟ ನೀರು, ನಾಲ್ಕು ಸೆಕೆಂಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

“ಕಿತೀ ವೇಳ್ ಝಾಲಾ?” ಎಷ್ಟು ಹೊತ್ತಾಯಿತು ಎಂದು ಕೇಳಿದರು.

“ನಲವತ್ತೈದು ನಿಮಿಷ, ಸರ್.”

ಅವರು ಡಬ್ಬಿಯ ಮುಚ್ಚಳ ಹಾಕಿದರು. “ಬದ್ಮಾಶ್” ಅಂದರು. ಬಾಗಿಲಿನ ಹತ್ತಿರ ಬಂದು, ಸ್ವಲ್ಪ ಮೆಲ್ಲಗೆ, “ದೋಘೇಹೀ” ಎಂದು ಸೇರಿಸಿದರು. ಇಬ್ಬರೂ.

ನಾವು ಹೋಗುವಾಗ ಮಂಚದ ಹತ್ತಿರ ಕುರುಕ್ಷೇತ್ರ ನಡೆದಿತ್ತು. ಚಹಾ ಮುಗಿಸಿ ಬಂದ ರೆಸಿಡೆಂಟ್ ಗ್ಲೌಸ್ ಹಾಕಿಕೊಂಡು ಗೋಡೆಗೆ ಒರಗಿದ್ದ. ಅವನೆದುರು ನೀಲವ್ವ. “ಮುಟ್ಟಿ ನೋಡು! ಆ ಅಕ್ಕಾರು ಬರೋತನಕ ಮುಟ್ಟಿ ನೋಡು, ಕೈ ಮುರೀತೀನಿ!”

“ಸರ್, ಯೆ ಆಂಟಿ ಕ್ಯಾ ಬೋಲ್ ರಹೀ ಹೈ?” ಎಂದು ಅವನು ಅಳುವ ದನಿಯಲ್ಲಿ ಕೇಳಿದ. ನಾನು ಅನುವಾದ ಮಾಡಲಿಲ್ಲ.

ಮಲ್ಲವ್ವ ಮತ್ತೆ ಟೇಬಲ್ಲಿಗೆ. ಕ್ಯಾಥೆಟರ್ ಮತ್ತೆ ಕತ್ತಿಗೆ. ಚಿತ್ರ ಪಕ್ಕದಿಂದ. ನಾನು ಗುಂಡಿ ಒತ್ತಿದೆ. ಡೈ ಏರಿತು, ಕವಲೊಡೆಯಿತು, ಹರಡಿತು. ಎರಡು, ಮೂರು, ನಾಲ್ಕು.

“ಪುರೇ!” ಅಂದರು ಬಾಪಟ್ ಸರ್.

ಅಭ್ಯಾಸ! ಈಗಷ್ಟೇ ಅದಕ್ಕೇ ಎಂದು ಊಟ ಬಿಟ್ಟು ಬಂದವರು! ಹೆಬ್ಬೆರಳು ತನ್ನಷ್ಟಕ್ಕೇ ಏಳಲು ಹೊರಟಿತು. ನಾನು ಎಡಗೈಯನ್ನು ಅದರ ಮೇಲಿಟ್ಟು ಅದುಮಿದೆ. ಐದು. ಆರು. ಬೇರೆ ಯಾರ ತಲೆಯಲ್ಲಾದರೂ ಈ ಹೊತ್ತಿಗೆ ಬೈತಲೆಯ ಗೆರೆಯ ಕೆಳಗಿನ ದೊಡ್ಡ ವೇನ್ ಕಪ್ಪಗೆ ತುಂಬಿ, ಬಾಗಿ ಹಿಂದಕ್ಕೆ ಇಳಿಯಬೇಕು. ಏಳು. ಎಂಟು. ಮಲ್ಲವ್ವನ ತಲೆಯಲ್ಲಿ ಆ ಜಾಗ ಖಾಲಿ. ಅದರ ಸುತ್ತ ಸಣ್ಣ ಸಣ್ಣ ವೇನ್‌ಗಳು ಸುರುಳಿ ಸುತ್ತಿಕೊಂಡು, ಇಳಿಯಲು ದಾರಿ ಸಿಗದೆ ತಡಕಾಡುತ್ತಿದ್ದವು.

“ಚಾಲೂ ಠೇವ್, ಸುಮತಿ” ಅಂದರು ಸರ್. ನಿಲ್ಲಿಸಬೇಡ. ಹನ್ನೆರಡರವರೆಗೆ ಹಿಡಿದೆ.

ಆ ಸಂಜೆಯೇ ಔಷಧಿಯ ಡ್ರಿಪ್ ಶುರುವಾಯಿತು. ಮೂರನೆಯ ದಿನದ ಮೇಲೆ ಫಿಟ್ಸ್ ಬರಲಿಲ್ಲ. ಒಂದು ವಾರಕ್ಕೆ ಎಡಗಾಲಿನ ಬೆರಳುಗಳು ಆಡಿದವು. ಎಲ್ಲರ ಕತೆಯೂ ಹೀಗೆ ಮುಗಿಯುವುದಿಲ್ಲ ದಿವ್ಯಾ. ಗೊತ್ತಾಗಿಯೂ ಉಳಿಸಿಕೊಳ್ಳಲಾಗದವರನ್ನು ಆಮೇಲೆ ನೋಡಿದ್ದೇನೆ. ನನ್ನನ್ನು ಇವತ್ತಿಗೂ ಚುಚ್ಚುವುದು ಬೇರೆ. ಆ ದಿನಕ್ಕಿಂತ ಮುಂಚೆ, ಫಿಲ್ಮಿನ ಕಾಲದಲ್ಲಿ, ನಾಲ್ಕು ಸೆಕೆಂಡಿನ ಚಿತ್ರ ನೋಡಿ ನಾವು ನಾರ್ಮಲ್ ಎಂದು ಬರೆದು ಕಳಿಸಿದ ಬಾಣಂತಿಯರು ಎಷ್ಟು ಜನ? ಬಾಪಟ್ ಸರ್ ನಿವೃತ್ತರಾಗುವ ದಿನ ನನ್ನನ್ನು ಕರೆದು ಇದನ್ನೇ ಕೇಳಿದರು.

ಈಗ ನಿನ್ನ ಹತ್ತಿರ ಎಂಆರ್‌ಐ ಇದೆ. ತೊಡೆ ಚುಚ್ಚದೆಯೇ ವೇನ್ ತೋರಿಸುತ್ತದೆ. ಹೊಸ ಯಂತ್ರದಲ್ಲಿ ಎಷ್ಟು ಸೆಕೆಂಡು ಎಂದು ಮೊದಲೇ ಹೊಂದಿಸಬಹುದು, ಬೆರಳಿಗೆ ಕೆಲಸವೇ ಇಲ್ಲ. ಬೆಳಿಗ್ಗೆ ಯಾರೋ ಹೊಂದಿಸಿಟ್ಟ ಅಂಕಿಯನ್ನು ಸಂಜೆಯವರೆಗೆ ಯಾರೂ ನೋಡುವುದಿಲ್ಲ ಎಂಬುದನ್ನು ನಾನು ನೋಡಿದ್ದೇನೆ. ಆ ಅಂಕಿಯೇ ಈಗಿನ ‘ಪುರೇ’. ಪ್ರತಿ ರೋಗಿಗೂ ಒಮ್ಮೆ ನೋಡು. ಮತ್ತು ಹೊರಗೆ ಬೆಂಚಿನ ಮೇಲೆ ಕುಳಿತವರ ಜೊತೆ ಎರಡು ಮಾತಾಡು, ನಿನ್ನ ಕನ್ನಡ ಎಷ್ಟು ಮುಗ್ಗರಿಸಿದರೂ ಪರವಾಗಿಲ್ಲ. ಇಷ್ಟೇ ನನ್ನ ಟಿಪ್ಸ್.

ಕೊನೆಗೆ, ಮಲ್ಲವ್ವನ ಡಿಸ್ಚಾರ್ಜಿನ ಹಿಂದಿನ ದಿನ ನಾನು ವಾರ್ಡಿಗೆ ಹೋಗಿದ್ದೆ. ಅವಳು ದಿಂಬಿಗೆ ಒರಗಿ ಕುಳಿತಿದ್ದಳು. ನೀಲವ್ವ ನನ್ನನ್ನು ಕಿಟಕಿಯ ಹತ್ತಿರ ಕರೆದರು. ಡಾಕ್ಟರು ಯಾರ ಕೈಯಲ್ಲೋ ಹೇಳಿಸಿದ್ದರಂತೆ, ನೀರಿಲ್ಲದೆ ಹೀಗಾಯಿತು ಎಂದು.

“ಖರೇ ಹೇಳ್ರಿ ಅಕ್ಕಾರ. ಹಡದಾಕಿ ನಾನಽ, ಕೊಲ್ಲಾಕ ನಿಂತಾಕಿನೂ ನಾನಽ ಏನ್ರಿ?”

ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಾನು ನನ್ನ ಹೆಬ್ಬೆರಳಿನ ಕತೆ ಹೇಳಿದೆ. ಎಲ್ಲವನ್ನೂ, ಸುಮ್ಮನಿದ್ದುಬಿಡಲೇ ಎಂದು ಯೋಚಿಸಿದ್ದನ್ನೂ. “ನಿಮಗೆ ನಿಮ್ಮ ಹಿರಿಯರು ಸಾಕು ಅಂತ ಕಲಿಸಿದ್ರು, ನನಗೆ ನಮ್ಮ ಸಾಹೇಬ್ರು. ನಾವಿಬ್ಬರೂ ಪ್ರೀತಿಯಿಂದ, ಶ್ರದ್ಧೆಯಿಂದಲೇ ಮಾಡಿದ್ದು ನೀಲವ್ವ. ಆದ್ರೂ ತಪ್ಪೇ.”

ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವರು ಕೂಸನ್ನು ನನ್ನ ಕೈಗೆ ಕೊಟ್ಟು, “ಹಿಡೀರಿ. ಆಕಿಗಿ ನೀರ್ ತರ್ತೀನಿ” ಎಂದು ಹೋದರು.

ತಾಯಿ ತಂದ ಬಾಟಲಿಯನ್ನು ಮಲ್ಲವ್ವ ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಡಿದಳು. ಗಂಟಲು ಗುಟುಕ್ ಗುಟುಕ್ ಎಂದು ಏರಿಳಿಯುವುದನ್ನು ನಾವಿಬ್ಬರೂ ನೋಡುತ್ತ ನಿಂತೆವು. ಬಾಟಲಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, “ಯವ್ವಾ, ಇನ್ನಷ್ಟು” ಅಂದಳು.

“ಸಾಕ...” ಎಂದು ನೀಲವ್ವನ ಬಾಯಿಗೆ ಬಂದೇಬಿಟ್ಟಿತು. ನನ್ನ ಕಡೆ ನೋಡಿದರು. ಬಾಟಲಿ ತೆಗೆದುಕೊಂಡು ಮತ್ತೆ ನಲ್ಲಿಯ ಕಡೆ ನಡೆದರು.